ದಾಖಲಾತಿ ಪುಸ್ತಕದ ಹೆಸರುಗಳು ಮತ್ತು ಗಡಿನಾಡಿನ ತೊಟ್ಟಿಲು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಬಿಸಿಲಿಗೆ ಹರಡಿ, ಗೆದ್ದಲು ಕೊಡವಿ, ಮತ್ತೆ ಕಟ್ಟಿಡುವ ಕೆಲಸ ನನ್ನ ಪಾಲಿಗೆ ಬಂದಿತು. ಅದೇ ದಿನಗಳಲ್ಲಿ ನನ್ನ ಹೆಂಡತಿ ಎರಡನೆಯ ಹೆರಿಗೆಗೆಂದು ಕಲ್ಯಾಣದುರ್ಗದ ಕಡೆಯ ತನ್ನ ತವರಿನಲ್ಲಿದ್ದಳು. ಆರು ದಿನ ಹಿಂದೂಪುರದ ಬಳಿಯ ಶಾಲೆಯಲ್ಲಿ ಎಂದೋ ಓದಿ ಹೋದ ಮಕ್ಕಳ ಹೆಸರುಗಳ ನಡುವೆ ಕುಳಿತಿರುವುದು, ಏಳನೆಯ ದಿನ ಬಸ್ಸು ಹತ್ತಿ ಇನ್ನೂ ಹೆಸರಿಡದ ಕೂಸನ್ನು ನೋಡಿಬರುವುದು, ಹೀಗೆ ಒಂದು ತಿಂಗಳು ಕಳೆಯಿತು. ಈ ಲೇಖನವು ಆ ತಿಂಗಳಿನ ಫಲವಾದುದರಿಂದ ಇದರಲ್ಲಿ ಚರಿತ್ರೆಯೊಡನೆ ಮನೆಯ ಮಾತೂ ಸ್ವಲ್ಪ ಬೆರೆತಿದೆ, ಓದುಗರು ಮನ್ನಿಸಬೇಕು.

ಆ ಪುಸ್ತಕಗಳಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದುದು ಹೆಸರುಗಳು. ತಿಪ್ಪಯ್ಯ, ತಿಪ್ಪಮ್ಮ, ಪುಲ್ಲಯ್ಯ, ಪುಲ್ಲಮ್ಮ, ಪುಟಪುಟಕ್ಕೂ ಇವೇ. ಈಗಿನ ನಮ್ಮ ಹಾಜರಿ ಪುಸ್ತಕದಲ್ಲಿ ಇಂತಹ ಒಂದು ಹೆಸರೂ ಇಲ್ಲ. ಹಿಂದೆ ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ಮಣ್ಣಾದರೆ, ಅನಂತರ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, 'ಇದು ಯಾರಿಗೂ ಬೇಡವಾದದ್ದು' ಎಂದು ಸಾವಿಗೆ ನಂಬಿಸಿ, ಮರಳಿ ಎತ್ತಿಕೊಂಡು ತಿಪ್ಪಯ್ಯನೆಂದು ಕರೆಯುತ್ತಿದ್ದರು. ಉಂಡ ಎಲೆಯ ಮೇಲೆ ಹೊರಳಿಸಿದ ಕೂಸು ಪುಲ್ಲಯ್ಯನಾಗುತ್ತಿತ್ತು. ತೆಲುಗರಲ್ಲಿ ಪೆಂಟಯ್ಯ, ತಮಿಳರಲ್ಲಿ ಕುಪ್ಪುಸ್ವಾಮಿ ಎಂಬ ಹೆಸರುಗಳ ಹಿಂದೆಯೂ ಇದೇ ಭಯವಿದೆ. ಎಲ್ಲ ತಿಪ್ಪೇಸ್ವಾಮಿಗಳನ್ನೂ ಈ ಲೆಕ್ಕಕ್ಕೆ ಸೇರಿಸಲಾಗದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರುಗಳೂ ನಮ್ಮ ಸೀಮೆಯಲ್ಲಿ ಬಹಳ. ಆದರೂ ಈ ಹೆಸರುಗಳನ್ನು ಓದುವಾಗ, ಪುಸ್ತಕದಲ್ಲಿ ಬರೆಯಲ್ಪಡದೆ ಹೋದ ಅಣ್ಣಂದಿರು ಅಕ್ಕಂದಿರು ಒಂದೊಂದು ಹೆಸರಿನ ಹಿಂದೆಯೂ ನಿಂತಿರುವರೆಂದು ತೋರುತ್ತಿತ್ತು.

ಇನ್ನೊಂದು ವಿಚಿತ್ರವೆಂದರೆ, ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಜೂನ್ ಅಥವಾ ಜುಲೈ ತಿಂಗಳ 1ನೆಯ ತಾರೀಖಿನಂದೇ ಹುಟ್ಟಿದ್ದಾರೆ! 'ಹಿಂದಿನ ಯುಗಾದಿ ಕಳೆದ ಮೇಲೆ ಹುಟ್ಟಿದ', 'ಕೆರೆ ಕೋಡಿ ಬಿದ್ದ ವರ್ಷದವಳು' ಎಂದು ತಾಯಿ ಹೇಳಿದರೆ, ಮುಖ್ಯೋಪಾಧ್ಯಾಯರು ಮಗುವಿನ ಎತ್ತರವನ್ನು ನೋಡಿ, ಐದು ವರ್ಷ ಹಿಂದಕ್ಕೆ ಎಣಿಸಿ, ತಾರೀಖು ಬರೆದುಕೊಳ್ಳುತ್ತಿದ್ದರು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಶಾಸನ ಬಂದುದು 1969ರಲ್ಲಿ. ಅದಕ್ಕೆ ಮೊದಲು ನಮ್ಮ ಹಳ್ಳಿಯ ಬಹುಪಾಲು ಮಕ್ಕಳ ಮಟ್ಟಿಗೆ ಜನ್ಮದಿನವನ್ನು ಕೊಡುತ್ತಿದ್ದವನು ಮೇಷ್ಟ್ರೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಐದು ಶಿಶುಗಳಲ್ಲಿ ಒಂದಾದರೂ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. 1971ರಲ್ಲಿ ಸಾವಿರ ಶಿಶುಗಳಿಗೆ 129, 2020ರಲ್ಲಿ 28. ಈ ಇಳಿತದ ಹಿಂದಿರುವ ಕಾರಣಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಬಾಣಂತಿಕೋಣೆಯ ಆಚಾರದೊಡನೆ ಹೆಣೆದುಕೊಂಡಿದೆ. ಹೊಕ್ಕಳಬಳ್ಳಿಯನ್ನು ಮನೆಯ ಕುಡುಗೋಲಿನಿಂದಲೋ ಬಿದಿರಿನ ಸಿಬಿರಿನಿಂದಲೋ ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವ ರೂಢಿ ಹಲವೆಡೆ ಇದ್ದಿತು. ಮಣ್ಣಿನಲ್ಲೂ ಸಗಣಿಯಲ್ಲೂ ಧನುರ್ವಾಯುವಿನ ಬೀಜಾಣುಗಳು ವರ್ಷಗಟ್ಟಲೆ ಬದುಕಿರುತ್ತವೆ. ಗಾಯದೊಳಗೆ ಅವು ಮೊಳೆತು ವಿಷವನ್ನು ಹರಿಯಿಸಿದರೆ, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಮೂರನೆಯ ದಿನವೋ ಎಂಟನೆಯ ದಿನವೋ ಮೊಲೆ ಹಿಡಿಯಲಾರದೆ ಹೋಗುತ್ತದೆ. ದವಡೆ ಬಿಗಿದು, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಆರನೆಯ ರಾತ್ರಿ ಷಷ್ಠೀದೇವಿ ಬಂದು ಹಣೆಬರಹ ಬರೆಯುವಳೆಂಬ ನಂಬಿಕೆಯನ್ನೂ, ಆ ರಾತ್ರಿಯೆಲ್ಲ ದೀಪವಿಟ್ಟು ಎಚ್ಚರವಿರುವ ಪದ್ಧತಿಯನ್ನೂ ನಾನು ಬಹಳ ಕಾಲ ಮೂಢತನವೆಂದೇ ಎಣಿಸಿದ್ದೆ. ಕಾರಣವನ್ನು ಅರಿಯದ ಜನ ಅಪಾಯದ ದಿನಗಳನ್ನಾದರೂ ಸರಿಯಾಗಿ ಗುರುತಿಸಿದ್ದರೆಂದು ಈಗ ನನಗೆ ತೋರುತ್ತದೆ. ಗರ್ಭಿಣಿಯರಿಗೆ ಚುಚ್ಚುಮದ್ದು, ಬಳ್ಳಿ ಕೊಯ್ಯಲು ಶುದ್ಧವಾದ ಅಲಗು, ಈ ಎರಡರಿಂದ ನವಜಾತ ಶಿಶುಗಳ ಧನುರ್ವಾಯು ಹಿಮ್ಮೆಟ್ಟಿ, 2015ರಲ್ಲಿ ಭಾರತವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು.

ಬಾಣಂತಿಯನ್ನು ಕತ್ತಲೆಯ ಕೋಣೆಯಲ್ಲಿ ಇರಿಸುವುದು, ಬಾಗಿಲಿಗೆ ಬೇವು, ಮಗ್ಗುಲಿಗೆ ಕಬ್ಬಿಣ, ಊಟಕ್ಕೆ ಮೆಣಸು ಬೆಳ್ಳುಳ್ಳಿ ಒಣಶುಂಠಿ, ಕೂಸಿಗೆ ಎಣ್ಣೆ ತೀಡಿ ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ನೀರೆರೆಯುವುದು, ಸಾಂಬ್ರಾಣಿಯ ಹೊಗೆ, ಬಜೆ ತೇದು ನೆಕ್ಕಿಸುವುದು. ಇವೆಲ್ಲ ನನ್ನ ಅತ್ತೆಯವರ ಮನೆಯಲ್ಲಿ ಇಂದಿಗೂ ಅರ್ಧಕ್ಕರ್ಧ ನಡೆಯುತ್ತಿವೆ. ಕೆಲವು ಒಳ್ಳೆಯವು. ಮೈಲಿಗೆಯ ಹೆಸರಿನಲ್ಲಾದರೂ ಹೊಲಗದ್ದೆಯ ಹೆಣ್ಣಿಗೆ ಕೆಲವು ವಾರ ವಿಶ್ರಾಂತಿ ದೊರೆಯುತ್ತಿತ್ತು. ಹತ್ತಾರು ಜನ ಕೂಸನ್ನು ಮುಟ್ಟುವುದು ತಪ್ಪುತ್ತಿತ್ತು. ಕೆಲವು ಕೆಟ್ಟವು. ಬಾಣಂತಿಗೆ ಬಾಯಾರಿದಾಗ ನೀರು ಕೊಡದಿರುವುದನ್ನೂ, ಮೊದಲ ಹಳದಿಯ ಹಾಲನ್ನು ಹಿಂಡಿ ಚೆಲ್ಲುವುದನ್ನೂ ನಾನು ಯಾವ ರೀತಿಯಿಂದಲೂ ಸಮರ್ಥಿಸಲಾರೆ. ಭೇದಿಯಾದ ಮಗುವಿಗೆ ನೀರು ನಿಲ್ಲಿಸುವುದು ಇವೆಲ್ಲಕ್ಕಿಂತ ಘಾತುಕ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ, ಸೋಡ ಬೆರೆಸಿದ ನೀರನ್ನು ಕುಡಿಸಿಯೇ ಕಾಲರಾ ರೋಗಿಗಳ ಸಾವನ್ನು ನೂರಕ್ಕೆ ಸುಮಾರು 30ರಿಂದ 4ಕ್ಕೂ ಕೆಳಗೆ ಇಳಿಸಿದರು. ಒಂದು ಲೋಟದ ಆ ನೀರನ್ನು ಕಲೆಸುವುದನ್ನು ನಾನು ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠಕ್ಕಿಂತ ಮೊದಲು ಕಲಿಸುತ್ತೇನೆ.

ನಮ್ಮ ಶಾಸನಗಳು ಕೆರೆ, ಗದ್ದೆ, ಗುಡಿ, ಯುದ್ಧಗಳನ್ನು ಹೇಳಿದಷ್ಟು ತೊಟ್ಟಿಲನ್ನು ಹೇಳುವುದಿಲ್ಲ. ಕಾಕತೀಯ ರಾಣಿ ರುದ್ರಮದೇವಿಯ ಕಾಲದ, ಕ್ರಿ. ಶ. 1261ರ ಮಲ್ಕಾಪುರ ಶಾಸನ ಇದಕ್ಕೆ ಅಪರೂಪದ ಹೊರತು. ಗುಂಟೂರು ಸೀಮೆಯ ಆ ಕಲ್ಲಿನಲ್ಲಿ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಗೂ ದತ್ತಿಯುಂಟು. ಕನ್ನಡದಲ್ಲಿ ಸುಮಾರು 1200ರಲ್ಲಿದ್ದ ದೇವೇಂದ್ರಮುನಿ ಬಾಲಗ್ರಹ ಚಿಕಿತ್ಸೆಯನ್ನು ಕುರಿತು ಗ್ರಂಥ ಬರೆದನು. ಇವನ್ನು ಬಿಟ್ಟರೆ ತಾಯಂದಿರ ಚರಿತ್ರೆ ಬಹುಮಟ್ಟಿಗೆ ಮಾತಿನಲ್ಲೇ ಉಳಿದಿದೆ. ಆ ಮಾತಾದರೂ ನಮ್ಮಲ್ಲಿ ಎರಡು! ಅನಂತಪುರ ಜಿಲ್ಲೆಯ ನೆಲ 1800ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಹೋಗಿ, ಬಳ್ಳಾರಿಯೊಡನಿದ್ದು, 1882ರಲ್ಲಿ ಬೇರೆ ಜಿಲ್ಲೆಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಆಂಧ್ರಕ್ಕೆ ಸೇರಿದೆವು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಬಾಣಂತಿಕೋಣೆಯೊಳಗೆ ಈ ಗಡಿಗಳಾವುವೂ ನುಸುಳಲಿಲ್ಲ. ಕನ್ನಡದ ಸೂಲು ತೆಲುಗಿನ ಚೂಲು; ನಮ್ಮ ಬಾಣಂತಿ ಅವರ ಬಾಲಿಂತ; ಪುರುಡು ಇಬ್ಬರಿಗೂ ಪುರುಡೇ; ನಮ್ಮದು ಜೋಗುಳ, ಅವರದು ಜೋಲ. ಒಂದೇ ಒಂದು ಕಡೆ ಎಡವುತ್ತೇವೆ. ಕನ್ನಡದಲ್ಲಿ ಅವ್ವನೆಂದರೆ ತಾಯಿ, ತೆಲುಗಿನಲ್ಲಿ ಅವ್ವ ಅಜ್ಜಿ. ನನ್ನ ಹಿರಿಯ ಮಗಳು ಅವ್ವಾ ಎಂದು ಕೂಗಿದರೆ ನಮ್ಮ ಮನೆಯಲ್ಲಿ ಇಬ್ಬರು ಓಗೊಡುತ್ತಾರೆ.

ಬರ ಮತ್ತು ಸಿಡುಬು, ಇವೆರಡನ್ನು ಹೇಳದೆ ಈ ಸೀಮೆಯ ಮಕ್ಕಳ ಚರಿತ್ರೆ ಇಲ್ಲ. 1876-78ರ ಧಾತು ಬರದಲ್ಲಿ ಬಳ್ಳಾರಿ, ಅನಂತಪುರ, ಮೈಸೂರು ಸೀಮೆಗಳು ನುಚ್ಚುನೂರಾದವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗೆಲಸದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಸಾಕೆಂದು ಗೊತ್ತುಮಾಡಿದರು. ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಗಂಡಸಿಗೇ ಸಾಲದ ಅನ್ನದಲ್ಲಿ ಕೂಸಿಗೆ ಹಾಲೂಡಬೇಕಾದ ತಾಯಿಯ ಪಾಲು ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಇನ್ನು ಸಿಡುಬು. ಜೆನ್ನರನ ದಾಕು ವಿಯೆನ್ನಾ, ಬಾಗ್ದಾದುಗಳ ಮೂಲಕ ಮುಂಬಯಿಗೆ ಬಂದು, 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹತ್ತಿತು. ಮಂಜಿನ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸಿಯೇ ದಾಕನ್ನು ಜೀವಂತವಾಗಿ ಒಯ್ಯಬೇಕಾಗಿತ್ತು. ದಕ್ಷಿಣದ ಊರೂರಿಗೆ ಅದನ್ನು ಹೊತ್ತವರು ಹೆಸರಿಲ್ಲದ ಮಕ್ಕಳು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೈಸೂರಿನ ಕಿರಿಯ ರಾಣಿಯೊಬ್ಬಳು ಸೆರಗು ಸರಿಸಿ ದಾಕು ಹಾಕಿದ ತೋಳನ್ನು ತೋರುತ್ತಿದ್ದಾಳೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಅರಮನೆ ತೋಳು ನೀಡಿದ ಮೇಲೂ ಸಿಡುಬಮ್ಮ ಈ ದೇಶವನ್ನು ಬಿಡಲು 1975ರವರೆಗೆ ಕಾಯಬೇಕಾಯಿತು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವ ದಾರಿ ಆಂಧ್ರದಲ್ಲಿ ಹೊರಟು, ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಬರುತ್ತದೆ. ಕೂಸನ್ನು ನೋಡಲು ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಕೃಷ್ಣಾಪುರದ ನರಸಮ್ಮನವರ ನೆನಪಾಗುತ್ತಿತ್ತು. ಪಾವಗಡ ತಾಲೂಕಿನಲ್ಲಿ 1920ರಲ್ಲಿ ಹುಟ್ಟಿದ ಆಕೆಯ ಮನೆಮಾತು ತೆಲುಗು. ನಾಡೆಲ್ಲ ಕೊಟ್ಟ ಬಿರುದು ಮಾತ್ರ ಕನ್ನಡದ್ದು, ಸೂಲಗಿತ್ತಿ. ಅಜ್ಜಿ ಮರಿಗೆಮ್ಮನವರಿಂದ ಕಲಿತ ವಿದ್ಯೆಯಲ್ಲಿ, 1940ರಲ್ಲಿ ತನ್ನ ಇಪ್ಪತ್ತನೆಯ ವಯಸ್ಸಿಗೆ, ಬಂಧುವೊಬ್ಬಳ ಹೆರಿಗೆಗೆ ಕೈಹಾಕಿದುದೇ ಮೊದಲು. ಅಂದಿನಿಂದ ಸುಮಾರು 70 ವರ್ಷಗಳಲ್ಲಿ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಬಿಡಿಕಾಸನ್ನೂ ಪಡೆಯದೆ ಮಾಡಿಸಿದರು. ಅಕ್ಷರ ಕಲಿಯದ ಆಕೆಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಇತ್ತಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಈ ಸಂಗತಿಗಳು ಎಲ್ಲ ಪತ್ರಿಕೆಗಳಲ್ಲೂ ಬಂದಿವೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಬೇರೊಂದು ಸಂಗತಿ. ಸಾವಿರಾರು ಕೂಸುಗಳನ್ನು ಜಗತ್ತಿಗೆ ತಂದ ಆ ತಾಯಿ ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳೆಯ ಪ್ರಾಯದಲ್ಲೇ ಕಳೆದುಕೊಂಡರು. ಕೈಯ ಚಾತುರ್ಯವೊಂದರಿಂದಲೇ ಆಗದ ಕೆಲಸ ಎಷ್ಟೋ ಇತ್ತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಹಾಗೆಂದು ಸೂಲಗಿತ್ತಿಯರನ್ನು ಹಳಿಯುವ ನಾಲಗೆಯೂ ನನ್ನದಲ್ಲ. ವೈದ್ಯರ ಸುಳಿವಿಲ್ಲದ ಹಳ್ಳಿಗಳಲ್ಲಿ ನಡುರಾತ್ರಿ ಬಾಗಿಲು ತಟ್ಟಿದರೆ ಏಳುತ್ತಿದ್ದವರು ಅವರೊಬ್ಬರೇ.

ಪಾವಗಡವನ್ನು ದಾಟಿ ಕಲ್ಯಾಣದುರ್ಗದ ಸೀಮೆಗೆ ಬಂದರೆ ಕಂಬದೂರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಇಡೀ ದೇಶದಲ್ಲಿ 33 ಕಡೆ ಮಾತ್ರ ಆರಂಭಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ತಿರುಮಕೂಡಲು ನರಸೀಪುರ; ಆಂಧ್ರದಲ್ಲಿ ಆರಿಸಿದವುಗಳಲ್ಲಿ ಒಂದು ಈ ಕಂಬದೂರು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದರ ನಡುವಿನ ಈ ಊರಿನ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲದಿರುವುದು ನನಗೆ ಸೋಜಿಗ. ಸುಮಾರು ಸಾವಿರ ಜನಕ್ಕೆ ಒಂದು ಅಂಗನವಾಡಿ, ಆರು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿ ಬಾಣಂತಿಯರಿಗೂ ಪೂರಕ ಆಹಾರ, ಚುಚ್ಚುಮದ್ದು, ತೂಕ, ತಪಾಸಣೆ, ಮಕ್ಕಳಿಗೆ ಆಟಪಾಟ. ಆರಂಭದ ಲೆಕ್ಕದಂತೆ ಒಂದು ಮಗುವಿಗೆ ದಿನಕ್ಕೆ 300 ಕ್ಯಾಲೊರಿ. ಹಳೆಯ ಕಾಲದಲ್ಲಿ ಸೂಲಗಿತ್ತಿ ತಿಳಿದಿದ್ದುದನ್ನು ತೂಗಿ ಬರೆದಿಡುವ ಕೆಲಸ ಇಲ್ಲಿಂದ ಮೊದಲಾಯಿತು. ಈ ಹೊರೆಯನ್ನು ಹೊತ್ತ ಹೆಣ್ಣುಮಕ್ಕಳಿಗೆ ಸಿಗುವುದು ಇಂದಿಗೂ ಸಂಬಳವಲ್ಲ, ಗೌರವಧನ. ವೇತನವನ್ನೂ ಉಪದಾನವನ್ನೂ ಕೇಳಿ ಆಂಧ್ರದ ಅಂಗನವಾಡಿ ಕಾರ್ಯಕರ್ತೆಯರು 2023ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದಾಗ, ನಮ್ಮ ಸಿಬ್ಬಂದಿ ಕೋಣೆಯಲ್ಲಿ ಅವರನ್ನು ಹಗುರವಾಗಿ ಆಡಿದವರೂ ಇದ್ದರು. ನಾನು ಅವರೊಡನೆ ಒಪ್ಪಲಿಲ್ಲ. ನಮ್ಮ ಒಂದನೆಯ ತರಗತಿಗೆ ಬರುವ ಮಗು ಪೆನ್ಸಿಲು ಹಿಡಿಯುವಷ್ಟು ಗಟ್ಟಿಯಾಗಿದ್ದರೆ ಅದರಲ್ಲಿ ಅವರ ಪಾಲೂ ಇದೆ.

ಹನ್ನೊಂದನೆಯ ದಿನ ನಮ್ಮ ಕೂಸನ್ನು ತೊಟ್ಟಿಲಿಗೆ ಹಾಕಿದರು. ನನ್ನ ಹೆಂಡತಿಯ ಅಜ್ಜಿ ಮೊರದಲ್ಲಿ ಧಾನ್ಯ ಹರಡಿ, ಬಟ್ಟೆ ಹಾಸಿ, ಅದರ ಮೇಲೆ ಮೊದಲು ಮಲಗಿಸಿದರು. ನಾನು ದಾಖಲಾತಿ ಪುಸ್ತಕದ ತಿಪ್ಪಯ್ಯಂದಿರ ವಿಷಯ ಎತ್ತಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಆಗ ಒಳ್ಳೆ ಹೆಸರು ಇಡೋಕೆ ಯಾರಿಗಪ್ಪಾ ಧೈರ್ಯ ಇತ್ತು? ನಿಮ್ಮ ಮಾವನಿಗಿಂತ ಮುಂಚೆ ಮೂರು ಹೋದವು. ಅವಕ್ಕೆ ಹೆಸರೇ ಇಟ್ಟಿರಲಿಲ್ಲ" ಎಂದರು. ಆ ಮನೆಗೆ ಅಳಿಯನಾಗಿ ಎಂಟು ವರ್ಷವಾಗಿದ್ದರೂ ಆ ಮೂವರ ಮಾತನ್ನು ನಾನು ಕೇಳಿದುದು ಅಂದೇ ಮೊದಲು. ನನ್ನ ಹೆಂಡತಿಯೂ ಅಂದೇ ಮೊದಲು ಕೇಳಿದಳಂತೆ.

ಕೂಸಿನ ಜನನ ಪ್ರಮಾಣಪತ್ರ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬಂದಿದೆ. ಹಿರಿಯ ಮಗಳು ಅಂಗನವಾಡಿಯಲ್ಲಿ ಕಲಿತ ತೆಲುಗು ಹಾಡನ್ನೇ ತಂಗಿಯ ತೊಟ್ಟಿಲು ತೂಗುತ್ತ ಹಾಡುತ್ತಾಳೆ. ಕನ್ನಡದ ಜೋಗುಳ ಅಜ್ಜಿಗೆ ಮಾತ್ರ ಪೂರ್ತಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಕೂಲಿಗೆಂದು ಬೆಂಗಳೂರಿಗೆ ಹೋಗುವ ತಾಯಂದಿರು ಮಕ್ಕಳನ್ನು ಇಂತಹ ಅಜ್ಜಿಯರ ಬಳಿಯೇ ಬಿಟ್ಟುಹೋಗುತ್ತಾರೆ. ನನ್ನ ತರಗತಿಯಲ್ಲೂ ಅಂಥ ಮಕ್ಕಳಿದ್ದಾರೆ. ನಮ್ಮ ಸೀಮೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಏನಾಗುತ್ತಿದೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಶಾಲೆಯೊಂದು ಮುಚ್ಚಿದರೆ ಅಲ್ಲಿನ ದಾಖಲಾತಿ ಪುಸ್ತಕ ಯಾವ ಕಪಾಟಿಗೆ ಹೋಗುವುದೋ, ಯಾವ ಗೆದ್ದಲಿನ ಪಾಲಾಗುವುದೋ.

ಆದುದರಿಂದ ಮಡಕಶಿರ, ರಾಯದುರ್ಗ, ಕಲ್ಯಾಣದುರ್ಗ, ಹಿಂದೂಪುರಗಳ ಕಡೆಯ ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ತಮ್ಮ ಶಾಲೆಗಳ 1970ಕ್ಕೆ ಹಿಂದಿನ ಪುಸ್ತಕಗಳಲ್ಲಿ ತಿಪ್ಪಯ್ಯ, ಪುಲ್ಲಮ್ಮ ಮೊದಲಾದ ಹೆಸರುಗಳು ವರ್ಷಕ್ಕೆ ಎಷ್ಟಿವೆಯೆಂದು ಎಣಿಸಿ, ಹೆಸರು ಮತ್ತು ಇಸವಿಯನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಸಂಘದ ಪತ್ರಿಕೆಗೆ ಕಳುಹಿಸಿಕೊಡಬೇಕು. ಮನೆಯಲ್ಲಿ ಮುದುಕಿಯರಿರುವ ವಿದ್ಯಾರ್ಥಿಗಳು ಆ ಹೆಸರು ಏಕೆ ಬಂದಿತೆಂದು ಕೇಳಿ ಬರೆದುಕೊಳ್ಳಬಹುದು. ನಮ್ಮ ಶಾಲೆಯ ಪಟ್ಟಿಯಲ್ಲಿ ಎರಡು ಪುಸ್ತಕಗಳ ಲೆಕ್ಕ ಮುಗಿದಿದೆ. ಮೂರನೆಯದರಲ್ಲಿ ಕೆಲವು ಪುಟಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಡಿಸಲು ಇನ್ನೊಂದು ರಜೆ ಬೇಕಾಗುತ್ತದೆ.