ಒಂದೇ ಬಾಗಿಲಿನ ಕ್ಯಾಮೆರಾ

ಫೋನಿನಲ್ಲಿ ಫೋಟೊ ತೆಗೆದ ಮರುಕ್ಷಣ ಅದು ಕಾಣದಿದ್ದರೆ ನಮಗೆ ಸಿಟ್ಟು ಬರುತ್ತೆ. ಖಗೋಳ ವಿಜ್ಞಾನಿಗಳು ಮಾತ್ರ ದಶಕಗಳ ಕಾಲ ತಮ್ಮ ಕ್ಯಾಮೆರಾಗಳನ್ನು ಬೇಕಂತಲೇ ನಿಧಾನವಾಗಿ ಓಡಿಸಿದರು. ಚಿತ್ರ ಚಿಪ್‌ನಿಂದ ಹೊರಬರಲಿ ಅಂತ ಒಂದು ನಿಮಿಷ ಕಾಯೋದು ಅವರಿಗೆ ಮಾಮೂಲಿ. ಯಾಕೆ ಅಂತ ತಿಳಿಯೋಕೆ 1969ಕ್ಕೆ ಹೋಗಬೇಕು.

ಆ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸೇರಿ, ಸುಮಾರು ಒಂದು ಗಂಟೆಯಲ್ಲಿ, ಕರಿಹಲಗೆಯ ಮೇಲೆ ಸಿಸಿಡಿ ಚಿಪ್‌ನ ಮೂಲ ನಕ್ಷೆ ಬರೆದರು. ಮೇಲಿನವರು ಕೇಳಿದ್ದು ಕ್ಯಾಮೆರಾ ಅಲ್ಲ, ಕಂಪ್ಯೂಟರಿಗೆ ಹೊಸ ಬಗೆಯ ಮೆಮೊರಿ!

ಮೆಮೊರಿಯಾಗಿ ಹುಟ್ಟಿದ್ದರ ಗುರುತು ಅದಕ್ಕೆ ಕೊನೆವರೆಗೂ ಉಳೀತು. ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸ್ತಾರಲ್ಲ, ಸಿಸಿಡಿ ಕೆಲಸ ಮಾಡೋದೂ ಹಾಗೇ. ಪ್ರತಿ ಪಿಕ್ಸೆಲ್ ಒಂದು ಕೊಡ. ಬೆಳಕು ಬಿದ್ದಷ್ಟೂ ಅದರಲ್ಲಿ ಎಲೆಕ್ಟ್ರಾನ್ ತುಂಬುತ್ತೆ. ಆಮೇಲೆ ಎಲ್ಲ ಸಾಲುಗಳೂ ಒಂದೊಂದು ಹೆಜ್ಜೆ ಕೆಳಗಿಳಿಯುತ್ತವೆ. ಕಟ್ಟಕಡೆಯ ಸಾಲು ಪಕ್ಕಕ್ಕೆ ಸರಿದು, ಮೂಲೆಯಲ್ಲಿರೋ ಆಂಪ್ಲಿಫಯರ್ ಮುಂದೆ ಒಂದೊಂದೇ ಕೊಡ ಸುರಿಯುತ್ತೆ. ಕೊಡ ಲಕ್ಷಾಂತರ, ಅಳೆಯೋನು ಒಬ್ಬನೇ.

ಅವಸರ ಮಾಡಿದರೆ ಅವನ ಲೆಕ್ಕ ತಪ್ಪುತ್ತೆ. 2048 x 2048 ಚಿಪ್ ಅಂದ್ರೆ ಸುಮಾರು 42 ಲಕ್ಷ ಕೊಡ. ಸೆಕೆಂಡಿಗೆ 50,000 ಓದಿದರೆ 84 ಸೆಕೆಂಡ್ ಬೇಕು. 10 ಲಕ್ಷ ಓದಿದರೆ ನಾಲ್ಕೇ ಸೆಕೆಂಡ್, ಆದರೆ ಗದ್ದಲ ಹೆಚ್ಚು. ದೂರದ ಗೆಲಾಕ್ಸಿಯಿಂದ ಪಿಕ್ಸೆಲ್‌ಗೆ ಸಿಕ್ಕಿದ್ದೇ ಹತ್ತು ಎಲೆಕ್ಟ್ರಾನ್ ಆದಾಗ ಎಂಟು ಎಲೆಕ್ಟ್ರಾನ್ ತಪ್ಪಿದರೆ ಏನುಳಿಯುತ್ತೆ? ಅದಕ್ಕೇ ಇಂಥ ಕ್ಯಾಮೆರಾಗಳಲ್ಲಿ ಎರಡು ವೇಗ: ಫೋಕಸ್ ನೋಡೋಕೆ ಬೇಗ, ನಿಜವಾದ ಚಿತ್ರಕ್ಕೆ ನಿಧಾನ.

1970ರ ದಶಕದಲ್ಲಿ ವೆಸ್ಟಿಂಗ್‌ಹೌಸ್‌ನ ಮಾರ್ವಿನ್ ವೈಟ್ ತಂಡ ಒಂದು ಉಪಾಯ ತಂದಿತು. ನಮ್ಮ ಎಣ್ಣೆ ಅಂಗಡಿಯವನು ಮೊದಲು ಖಾಲಿ ಪಾತ್ರೆ ತೂಗಿ, ಆಮೇಲೆ ತುಂಬಿದ್ದನ್ನು ತೂಗಿ ಕಳೀತಾನಲ್ಲ, ಅದೇ. ಇನ್ನೊಂದು ದಾರಿ ಬಿನ್ನಿಂಗ್: ನಾಲ್ಕು ಕೊಡ ಒಂದಕ್ಕೆ ಸುರಿದು ಒಂದೇ ಸಲ ಅಳೆಯೋದು. ಗದ್ದಲ ಒಂದೇ ಸಲ, ಆದರೆ ಚಿತ್ರದ ನವಿರು ಹೋಗುತ್ತೆ.

ನನಗೆ ತುಂಬಾ ಇಷ್ಟವಾದದ್ದು ನ್ಯೂಮೆಕ್ಸಿಕೊದಲ್ಲಿ ಸ್ಲೋನ್ ಆಕಾಶ ಸಮೀಕ್ಷೆಯವರು ಮಾಡಿದ್ದು. 30 ದೊಡ್ಡ ಸಿಸಿಡಿಗಳ ಆ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ನಿಲ್ಲಿಸಿ, ಓದೋ ಗೋಜೇ ಇಲ್ಲ. ನಕ್ಷತ್ರ ಚಿಪ್ಪಿನ ಮೇಲೆ ಜಾರುವ ವೇಗಕ್ಕೆ ಸರಿಯಾಗಿ ಕೊಡಗಳನ್ನೂ ಜಾರಿಸಿದರು. ಒಂದು ನಕ್ಷತ್ರ ಒಂದು ಚಿಪ್ ದಾಟೋಕೆ ಸುಮಾರು 54 ಸೆಕೆಂಡ್. ಅಷ್ಟೂ ಹೊತ್ತು ಅದರ ಎಲೆಕ್ಟ್ರಾನ್‌ಗಳು ಅದರ ಜೊತೆಗೇ ನಡೆದು ಬಂದು ಬಾಗಿಲಲ್ಲಿ ಇಳಿಯುತ್ತಿದ್ದವು. ನಿಧಾನ ಅನ್ನೋ ಶಾಪವನ್ನೇ ಅವರು ಕೆಲಸಕ್ಕೆ ಹಚ್ಚಿದ್ದರು.

2009ರಲ್ಲಿ ಬಾಯ್ಲ್ ಮತ್ತು ಸ್ಮಿತ್‌ಗೆ ನೊಬೆಲ್ ಬಂತು, ಅದೂ ಚಿತ್ರ ಹಿಡಿಯುವ ಚಿಪ್ ಕಂಡುಹಿಡಿದದ್ದಕ್ಕೆ. ಬೆಲ್ ಲ್ಯಾಬ್ಸ್‌ನಲ್ಲೇ ಇದ್ದ ಮೈಕೆಲ್ ಟಾಂಪ್ಸೆಟ್ ಆಕ್ಷೇಪ ಎತ್ತಿದರು: ಸಿಸಿಡಿಯನ್ನು ಕ್ಯಾಮೆರಾ ಆಗಿಸುವ ಪೇಟೆಂಟ್ ಅವರ ಹೆಸರಲ್ಲಿತ್ತು. ಅವರ ಸಿಟ್ಟು ನ್ಯಾಯವಾದದ್ದೇ ಅಂತ ನನಗನ್ನಿಸುತ್ತೆ. ಮೆಮೊರಿಗೆ ಪ್ರಶಸ್ತಿ ಕೊಟ್ಟಿದ್ದರೆ ಮಾತು ಬೇರೆ. 2017ರಲ್ಲಿ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಸ್ಮಿತ್ ಮತ್ತು ಟಾಂಪ್ಸೆಟ್ ಇಬ್ಬರಿಗೂ ಒಟ್ಟಿಗೆ ಬಂತು. ಅದನ್ನು ಹಂಚಿಕೊಂಡ ನಾಲ್ವರಲ್ಲಿ ಎರಿಕ್ ಫಾಸಮ್ ಕೂಡ ಇದ್ದರು. ಪಿಕ್ಸೆಲ್‌ಗೊಂದು ಆಂಪ್ಲಿಫಯರ್ ಕೂರಿಸಿದ ಸಿಮಾಸ್ ಚಿಪ್ಪನ್ನು 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ಬೆಳೆಸಿದವರು ಅವರೇ. ನಿಮ್ಮ ಜೇಬಿನಲ್ಲಿರೋದು ಆ ಜಾತಿಯದು.