ವಿಂಡರ್‌ಮಿಯರ್: ಮೇಲಿನ ವಿಹಾರ, ಆಳದ ಉಸಿರು

ಇಂಗ್ಲೆಂಡಿನ ವಾಯವ್ಯದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಪ್ರದೇಶದ ವಿಂಡರ್‌ಮಿಯರ್, ಸಮುದ್ರಮಟ್ಟದಿಂದ 39 ಮೀಟರ್ ಎತ್ತರದಲ್ಲಿದೆ. ಅದರ ಅತ್ಯಂತ ಆಳದ ಜಾಗ 64 ಮೀಟರ್. ಅಲ್ಲಿಗೆ ಅದರ ತಳ ಸಮುದ್ರಮಟ್ಟಕ್ಕಿಂತಲೂ ಸುಮಾರು 25 ಮೀಟರ್ ಕೆಳಗಿದೆ ಎಂದಾಯಿತು. ನದಿಯೊಂದು ತಾನು ಸೇರುವ ಕಡಲಿಗಿಂತ ಇಷ್ಟು ತಗ್ಗಿಗೆ ಬಂಡೆಯನ್ನು ಕೊರೆಯಲಾರದು. ಈ ಹಳ್ಳವನ್ನು ತೋಡಿದ್ದು ಹಿಮನದಿ.

ಈ ಸರೋವರದ ಬಗ್ಗೆ ನಡೆದ ಸಾರ್ವಜನಿಕ ಚರ್ಚೆಗಳೆಲ್ಲ ಬಹುಕಾಲ ಮೇಲ್ಮೈಗೆ ಸಂಬಂಧಿಸಿದವು: ದೋಣಿಗಳ ಸದ್ದು, ವೇಗ, ಜನಜಂಗುಳಿ. ಅದರ ಆರೋಗ್ಯ ನಿರ್ಧಾರವಾಗುವುದು ಮಾತ್ರ ಕಣ್ಣಿಗೆ ಕಾಣದ ಆಳದಲ್ಲಿ. ಹಿಮನದಿ ಕೊಟ್ಟ ಆಕಾರ, ನೀರಿನ ಪದರಗಳು, ಮೀನು, ವಿಹಾರಕ್ಕೆ ಬಂದವರ ಬದುಕು ಇವನ್ನು ಒಟ್ಟಿಗೆ ಓದಿದರಷ್ಟೇ ಆ ಆಳ ಅರ್ಥವಾಗುತ್ತದೆ ಎಂಬುದು ಈ ಲೇಖನದ ನಿಲುವು.

ಸುಮಾರು 17 ಕಿ.ಮೀ. ಉದ್ದ, 14.7 ಚದರ ಕಿ.ಮೀ. ವಿಸ್ತೀರ್ಣದ ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಹೆಸರಿನ ಕೊನೆಯ ‘ಮಿಯರ್’ ಎಂಬುದಕ್ಕೇ ಹಳೆಯ ಇಂಗ್ಲಿಷಿನಲ್ಲಿ ಸರೋವರವೆಂದು ಅರ್ಥ. ಬ್ರಾಥೆ ಮತ್ತು ರಾಥೆ ನದಿಗಳು ಉತ್ತರದ ತುದಿಯಲ್ಲಿ ಬಂದು ಸೇರುತ್ತವೆ. ದಕ್ಷಿಣದಲ್ಲಿ ಲೆವೆನ್ ನದಿ ಹೊರಟು ಮೋರ್ಕಂಬ್ ಕೊಲ್ಲಿಯತ್ತ ಹರಿಯುತ್ತದೆ. ನಕ್ಷೆಯಲ್ಲಿ ಒಂದೇ ನೀಳ ಪಟ್ಟಿಯಂತೆ ಕಂಡರೂ ಇದು ಎರಡು ಬೋಗುಣಿಗಳ ಸರೋವರ. ಬೆಲ್ ಐಲ್ ಮತ್ತಿತರ ದ್ವೀಪಗಳಿರುವ ನಡುಭಾಗ ಆಳವಿಲ್ಲದ ಹೊಸ್ತಿಲು. ಅದರ ಉತ್ತರಕ್ಕೆ 64 ಮೀಟರ್ ಆಳದ ಬೋಗುಣಿ, ದಕ್ಷಿಣಕ್ಕೆ 42 ಮೀಟರಿನದು. ಮುಂದೆ ಮೀನಿನ ಕಥೆ ಬಂದಾಗ ಈ ಎರಡು ಬೋಗುಣಿಗಳ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ.

ಹಿಮನದಿ ಕರಗಿ ಹೋದ ಮೇಲಿನ ಇತಿಹಾಸ ತಳದ ಕೆಸರಿನಲ್ಲಿ ಪದರ ಪದರವಾಗಿ ಉಳಿದಿದೆ. ಅತ್ಯಂತ ಕೆಳಗೆ ಹಿಮದ ನೀರು ತಂದ ಜೇಡಿ, ಅದರ ಮೇಲೆ ಸಸ್ಯಗಳ ಅಂಶವಿರುವ ಮಣ್ಣು, ಮತ್ತೆ ಜೇಡಿ, ಆಮೇಲೆ ಇಂದಿನವರೆಗಿನ ಕಂದು ಕೆಸರು. ನಡುವಿನ ಸಸ್ಯಾಂಶದ ಪದರ ಹೇಳುವುದಿಷ್ಟು: ಹಿಮಯುಗ ಒಂದೇ ಸಲಕ್ಕೆ ಮುಗಿಯಲಿಲ್ಲ, ಹವೆ ಬೆಚ್ಚಗಾಗಿ ಗಿಡಮರಗಳು ಬಂದವು, ಬಳಿಕ ಚಳಿ ಮರಳಿತು, ಸುಮಾರು 11,700 ವರ್ಷಗಳ ಹಿಂದೆ ಆ ಚಳಿಯೂ ಕೊನೆಗೊಂಡಿತು. ಈ ಬೆಚ್ಚಗಿನ ನಡುಗಾಲಕ್ಕೆ ಬ್ರಿಟನ್ನಿನ ಭೂವಿಜ್ಞಾನಿಗಳು ವಿಂಡರ್‌ಮಿಯರ್ ಹೆಸರನ್ನೇ ಇಟ್ಟಿದ್ದಾರೆ. ವಿನಿಫ್ರೆಡ್ ಪೆನ್ನಿಂಗ್ಟನ್ 1940ರ ದಶಕದಲ್ಲೇ ಈ ಪದರಗಳನ್ನು ಅಧ್ಯಯನ ಮಾಡಿದರು. ಜಾನ್ ಮ್ಯಾಕರೆತ್ ಒತ್ತಿದ ಗಾಳಿಯ ಬಲದಿಂದ ಉದ್ದನೆಯ ಕೊಳವೆಯನ್ನು ತಳಕ್ಕಿಳಿಸಿ ಕೆಸರಿನ ಕಂಬವನ್ನೇ ಎತ್ತಿ ತರುವ ಉಪಕರಣವನ್ನು ರೂಪಿಸಿದರು. ಹಾಗೆ ತಂದ ಕೆಸರಿನಲ್ಲಿ ಭೂಮಿಯ ಕಾಂತೀಯ ಉತ್ತರ ಸಾವಿರಾರು ವರ್ಷ ಅತ್ತಿತ್ತ ಸರಿದ ಗುರುತೂ ಸಿಕ್ಕಿತು!

ಇಷ್ಟೆಲ್ಲ ಗೊತ್ತಾಗಲು ಕಾರಣವಾದ ಸಂಸ್ಥೆ 1929ರಲ್ಲಿ ಸ್ಥಾಪನೆಯಾದ ಫ್ರೆಶ್‌ವಾಟರ್ ಬಯಲಾಜಿಕಲ್ ಅಸೋಸಿಯೇಶನ್. 1931ರಲ್ಲಿ ಅದು ದಡದ ರೇ ಕ್ಯಾಸಲ್ ಕಟ್ಟಡದಲ್ಲಿ ಪ್ರಯೋಗಾಲಯ ತೆರೆಯಿತು. 1945ರಿಂದ ಇಲ್ಲಿನ ನೀರಿನ ಮಾದರಿಗಳನ್ನು ನಿಯಮಿತವಾಗಿ ತೆಗೆಯಲಾಗುತ್ತಿದೆ. ಜಾನ್ ಲಂಡ್ ಆ ಮಾದರಿಗಳಲ್ಲಿ ಆಸ್ಟೀರಿಯೊನೆಲ್ಲ ಎಂಬ ನಕ್ಷತ್ರಾಕಾರದ ಡಯಾಟಮ್ ಪಾಚಿಯನ್ನು ಎಣಿಸುತ್ತ ಹೋದರು. ವಸಂತದಲ್ಲಿ ಅದು ಹೆಚ್ಚುತ್ತ ಹೋಗಿ, ನೀರಿನ ಸಿಲಿಕಾ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಮಿಗೆ ಇಳಿದಾಗ ಕುಸಿಯುತ್ತದೆ. ತನ್ನ ಗಾಜಿನಂಥ ಕವಚವನ್ನು ಕಟ್ಟಲು ಬೇಕಾದ ಸರಕನ್ನು ಅದು ತಾನೇ ಬರಿದು ಮಾಡಿಕೊಂಡಿರುತ್ತದೆ.

ಬೇಸಿಗೆಯಲ್ಲಿ ಸರೋವರ ಎರಡು ಅಂತಸ್ತಿನ ಮನೆಯಾಗುತ್ತದೆ. ಬಿಸಿಲಿಗೆ ಬೆಚ್ಚಗಾದ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ನಡುವೆ ಉಷ್ಣಾಂಶ ಥಟ್ಟನೆ ಇಳಿಯುವ ಪದರ. ಗಾಳಿ ಜೋರಾಗಿ ಬೀಸಿದರೆ ಬೆಚ್ಚಗಿನ ನೀರು ಒಂದು ತುದಿಗೆ ಒತ್ತರಿಸುತ್ತದೆ, ನಡುಪದರ ವಾಲುತ್ತದೆ. ಗಾಳಿ ನಿಂತ ಮೇಲೂ ಅದು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ದಡದಲ್ಲಿ ನಿಂತವರಿಗೆ ಇದರ ಸುಳಿವೂ ಇರುವುದಿಲ್ಲ. ಕ್ಲಿಫರ್ಡ್ ಮಾರ್ಟಿಮರ್ 1952ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಒಳ ಅಲೆಗಳನ್ನು ಉಷ್ಣಾಂಶದ ಅಳತೆಗಳಿಂದಲೇ ವಿವರಿಸಿದರು. ಆದರೂ ಪದರಗಳು ಪೂರ್ತಿ ಬೆರೆಯುವುದು ಚಳಿಗಾಲ ಹತ್ತಿರವಾದಾಗಲೇ. ಅಲ್ಲಿಯವರೆಗೆ ಕೆಳಗಿನ ನೀರು ವಸಂತದಲ್ಲಿ ಪಡೆದ ಆಮ್ಲಜನಕದಲ್ಲೇ ಕಾಲ ತಳ್ಳಬೇಕು.

ಆ ಆಮ್ಲಜನಕವನ್ನು ನಂಬಿರುವ ಜೀವಿಗಳಲ್ಲಿ ಮುಖ್ಯವಾದದ್ದು ಆರ್ಕ್ಟಿಕ್ ಚಾರ್. ಹಿಮಯುಗದ ಚಳಿನೀರಿನ ಈ ಮೀನು ಹಿಮನದಿಗಳು ಹಿಂದೆಗೆದ ಮೇಲೆ ಇಂಥ ಆಳದ ಸರೋವರಗಳಲ್ಲಿ ಉಳಿದುಕೊಂಡಿತು. ವಿಂಡರ್‌ಮಿಯರ್‌ನಲ್ಲಿ ಇದರ ಎರಡು ಬಗೆಗಳಿವೆ: ಒಂದು ನವೆಂಬರ್ ಸುಮಾರಿಗೆ ದಡದ ಹತ್ತಿರದ ಜಲ್ಲಿಯಲ್ಲಿ ಮೊಟ್ಟೆ ಇಡುತ್ತದೆ, ಇನ್ನೊಂದು ಫೆಬ್ರುವರಿ–ಮಾರ್ಚ್‌ನಲ್ಲಿ ಹದಿನೈದಿಪ್ಪತ್ತು ಮೀಟರ್ ಆಳದಲ್ಲಿ. 1698ರಲ್ಲಿ ಇಲ್ಲಿಗೆ ಬಂದ ಪ್ರವಾಸಿ ಸೀಲಿಯಾ ಫೈನ್ಸ್ ಈ ಮೀನಿನ ಬಗ್ಗೆ ಬರೆದಿಟ್ಟಿದ್ದಾಳೆ. ಸ್ಥಳೀಯ ಬೆಸ್ತರು ಉದ್ದನೆಯ ದಾರಕ್ಕೆ ಸೀಸದ ತೂಕ ಕಟ್ಟಿ, ಬೇರೆ ಬೇರೆ ಆಳಗಳಲ್ಲಿ ಹೊಳೆಯುವ ಲೋಹದ ಚೂರುಗಳನ್ನು ತೂಗಬಿಟ್ಟು, ದೋಣಿಗೆ ನಿಧಾನವಾಗಿ ಹುಟ್ಟು ಹಾಕುತ್ತ ಚಾರ್ ಹಿಡಿಯುತ್ತಿದ್ದರು. ನೀರು ಪದರಗಳಾಗಿದೆ ಎಂಬುದನ್ನು ಅನುಭವದಿಂದಲೇ ಬಲ್ಲವರು ಅವರು.

ದಡದ ಬದುಕು ಬದಲಾಗಿದ್ದು 1847ರಲ್ಲಿ ರೈಲು ಬಂದಾಗ. ನವೋದಯದ ಕಾಲದಿಂದ ಕನ್ನಡಿಗರಿಗೆ ಪರಿಚಿತನಾದ ಕವಿ ವರ್ಡ್ಸ್‌ವರ್ತ್ ಆಗ ಹತ್ತಿರದ ರೈಡಲ್‌ನಲ್ಲಿದ್ದ. 1844ರಲ್ಲಿ ಈ ರೈಲುದಾರಿಯನ್ನು ಬಲವಾಗಿ ವಿರೋಧಿಸಿದ್ದ. ರೈಲು ಬಂದೇ ಬಂತು. ಬರ್ತ್‌ವೇಟ್ ಎಂಬ ಪುಟ್ಟ ಹಳ್ಳಿ ನಿಲ್ದಾಣದ ಹೆಸರಿನಿಂದ ವಿಂಡರ್‌ಮಿಯರ್ ಪಟ್ಟಣವಾಯಿತು. ಗಿರಣಿ ಊರುಗಳ ಸಾಮಾನ್ಯ ಜನರಿಗೂ ಸರೋವರ ಸಿಕ್ಕಿದ್ದು ಆ ರೈಲಿನಿಂದಲೇ. ಈ ವಿಷಯದಲ್ಲಿ ಕವಿಯ ಪಕ್ಷ ಹಿಡಿಯುವುದು ಕಷ್ಟ. 1895ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ಸ್ಕೇಟಿಂಗ್ ಮಾಡಿದರು. 1930ರ ಜೂನ್ 13ರಂದು ಹೆನ್ರಿ ಸೀಗ್ರೇವ್ ಗಂಟೆಗೆ ಸುಮಾರು 159 ಕಿ.ಮೀ. ವೇಗದಲ್ಲಿ ದೋಣಿ ಓಡಿಸಿ ವಿಶ್ವದಾಖಲೆ ಬರೆದ. ಅದೇ ದಿನ ದೋಣಿ ಮಗುಚಿ ಸತ್ತ. ವೇಗದೋಣಿಗಳ ವಿವಾದ ದಶಕಗಳ ಕಾಲ ಎಳೆದು, 2005ರಲ್ಲಿ ಗಂಟೆಗೆ ಸುಮಾರು 18 ಕಿ.ಮೀ. ಮಿತಿ ಜಾರಿಗೆ ಬಂತು.

ಸದ್ದು ತಗ್ಗಿತು, ಸರಿ. ಆದರೆ ಅಷ್ಟರಲ್ಲಾಗಲೇ ಆಳದಲ್ಲಿ ಬೇರೊಂದು ಬದಲಾವಣೆ ಬಹುದೂರ ಸಾಗಿತ್ತು.

ಜನ ಹೆಚ್ಚಿದಂತೆ ಕೊಳಚೆ ನೀರಿನ ಜೊತೆ ರಂಜಕವೂ ಸರೋವರ ಸೇರಿತು. ರಂಜಕ ಪಾಚಿಗೆ ಗೊಬ್ಬರ. ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಆಮ್ಲಜನಕ ತೀರುತ್ತದೆ. ದೊಡ್ಡ ಪಟ್ಟಣಗಳ ಪಕ್ಕದ, ಆಳ ಕಡಿಮೆಯಿರುವ ದಕ್ಷಿಣ ಬೋಗುಣಿಗೆ ಪೆಟ್ಟು ಹೆಚ್ಚು ಬಿತ್ತು. ಅಲ್ಲಿನ ಚಾರ್ ಹೆಚ್ಚು ಕುಗ್ಗಿದವು. 1992ರಲ್ಲಿ ಶುದ್ಧೀಕರಣ ಘಟಕಗಳಲ್ಲಿ ರಂಜಕ ತೆಗೆಯುವ ವ್ಯವಸ್ಥೆ ಬಂತು, ಸ್ಥಿತಿ ಸ್ವಲ್ಪ ಸುಧಾರಿಸಿತು. ಅಷ್ಟರಲ್ಲಿ ನೀರು ಬೆಚ್ಚಗಾಗತೊಡಗಿ ರೋಚ್ ಎಂಬ ಮೀನು ಹೆಚ್ಚಿತು. ಹವ್ಯಾಸಿ ಗಾಳಗಾರರು ಪೈಕ್ ಮೀನು ಹಿಡಿಯಲು ಜೀವಂತ ಎರೆಯಾಗಿ ತಂದದ್ದೇ ರೋಚ್ ಇಲ್ಲಿ ನೆಲೆಸಲು ಕಾರಣವೆಂಬ ವಿವರಣೆಯಿದೆ. ರೋಚ್ ಕೂಡ ಚಾರ್‌ನ ಆಹಾರವಾದ ಸಣ್ಣ ಜಲಜೀವಿಗಳನ್ನೇ ತಿನ್ನುತ್ತದೆ. 2008ರಲ್ಲಿ ಇಲ್ಲಿ ಶುರುವಾದ ‘ಗ್ರೇಟ್ ನಾರ್ತ್ ಸ್ವಿಮ್’ ಸಾಮೂಹಿಕ ಈಜನ್ನು 2010ರಲ್ಲಿ ನೀಲಿ–ಹಸಿರು ಪಾಚಿಯ ಕಾರಣದಿಂದ ರದ್ದು ಮಾಡಬೇಕಾಯಿತು. ಆಳದ ವಿಷಯ ಈಜುವವರ ಮೈ ಮುಟ್ಟುವಷ್ಟು ಮೇಲೆ ಬಂದದ್ದು ಹಾಗೆ.

2025ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ, ವಿಂಡರ್‌ಮಿಯರ್‌ಗೆ ಮಳೆನೀರಷ್ಟೇ ಸೇರಬೇಕೆಂಬ ಗುರಿಯನ್ನು ಘೋಷಿಸಿತು. ಇದು ವೇಗಮಿತಿಗಿಂತ ಬಹಳ ಕಷ್ಟದ ಕೆಲಸ. ಶುದ್ಧೀಕರಣ ಘಟಕಗಳ ಜೊತೆಗೆ ದಡದ ಮನೆ, ಹೋಟೆಲುಗಳ ಸೆಪ್ಟಿಕ್ ಟ್ಯಾಂಕುಗಳೂ ಹೊಲಗಳಿಂದ ತೊಳೆದು ಬರುವ ಗೊಬ್ಬರವೂ ಲೆಕ್ಕಕ್ಕೆ ಬರಬೇಕು. ಕೆಸರಿನ ಪಾಲೂ ಇದೆ. ಆಮ್ಲಜನಕವಿರುವಷ್ಟು ಕಾಲ ತಳದ ಕೆಸರಿನ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕ ತೀರಿದಾಗ ಅದನ್ನು ನೀರಿಗೆ ಬಿಟ್ಟುಕೊಡುತ್ತದೆ ಎಂದು ಇದೇ ಮಾರ್ಟಿಮರ್ 1941–42ರ ಪ್ರಬಂಧಗಳಲ್ಲಿ ತೋರಿಸಿದ್ದರು. ಇಂದು ಕೊಳಚೆಯ ಕೊಳವೆಗಳೆಲ್ಲ ಮುಚ್ಚಿದರೂ ಹಿಂದಿನ ಬೇಸಿಗೆಗಳಲ್ಲಿ ಬಂದು ಸೇರಿದ ರಂಜಕದ ಒಂದು ಪಾಲು ಇನ್ನೂ ಕೆಲವು ವರ್ಷ ಆ ಕೆಸರಿನಿಂದ ಮೇಲೇಳುತ್ತಿರುತ್ತದೆ.