ಪಪ್ಪಾಯಿ ಹಾಲಿನಿಂದ ಸೋರಿಯಾಸಿಸ್ ಇಂಜೆಕ್ಷನ್‌ವರೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮದುವಿ ಊಟದಾಗ ನೋಡಿರ್ತೀರಿ: ಚರ್ಮ ಕೆಂಪಗಾಗಿ ಹೊಟ್ಟಿನಂಗ ಉದುರೋರ ಪಕ್ಕ ಯಾರೂ ಕೂಡಂಗಿಲ್ಲ. ಅದು ಸೋರಿಯಾಸಿಸ್. ಅಂಟೋ ರೋಗ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿ ಬೀಳುತ್ತದೆ. ಕೆಲವರಿಗೆ ಕೀಲಿಗೂ ಇಳಿಯುತ್ತದೆ. ಮಗ್ಗದಲ್ಲಿ ಎಳೆ ಕಟ್ಟೋ ಬೆರಳಿಗೆ ಹಂಗಾದ್ರೆ ಅವತ್ತಿನ ಕೂಲಿ ಹೋತು.

ಇದರ ಔಷಧದ ಕಥೆಯ ಒಂದು ಎಳೆ ಬೆಂಗಳೂರಿನ ಗ್ಯಾರೇಜ್ ಒಂದರಲ್ಲಿ ಶುರುವಾಗುತ್ತದೆ. 1978. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದಿದ್ದ ಕಿರಣ್ ಮಜುಂದಾರ್‌ಗೆ, ಹೆಣ್ಣುಮಗಳು ಅಂತ ಇಲ್ಲಿ ಆ ಕೆಲಸ ಸಿಗಲಿಲ್ಲ. 10,000 ರೂಪಾಯಿ ಬಂಡವಾಳ ಹಾಕಿ ಬಯೋಕಾನ್ ಶುರು ಮಾಡಿದರು. (ನಾನು ಬಿಕಾಂ, ಮೊದಲು ಕಣ್ಣಿಗೆ ಬಿದ್ದದ್ದು ಈ ಸಂಖ್ಯೆನೇ.) ಮೊದಲ ಸರಕು ಏನು ಗೊತ್ತಾ? ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆಯೋ ಪಪೇನ್, ಮೀನಿನ ಗಾಳಿಚೀಲದಿಂದ ಮಾಡೋ ಐಸಿಂಗ್ಲಾಸ್. 2013ರಲ್ಲಿ ಅದೇ ಕಂಪನಿ, ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ, ಸೋರಿಯಾಸಿಸ್‌ಗೆ ಇಟೋಲಿಜುಮ್ಯಾಬ್ ಅನ್ನೋ ಹೊಸ ಔಷಧ ತಂತು.

ಬಯೋಸಿಮಿಲರ್ ಅಂದ್ರೆ ಹೊಸದಲ್ಲ, ಇರೋದರ ಸಮಾನ. ಪ್ಯಾರಾಸಿಟಮಾಲ್ ಆದ್ರೆ ಸೂತ್ರ ಗೊತ್ತಿದ್ದರೆ ಅದನ್ನೇ ಮಾಡಬಹುದು. ಇವು ಜೀವಂತ ಕೋಶಗಳಲ್ಲಿ ತಯಾರಾಗೋ ಪ್ರೋಟೀನ್. ಮೊಸರು ಇದ್ದಂಗ ಅನ್ಕೊಳ್ರಿ: ಮೂಲ ಕಂಪನಿ ತನ್ನ ಹೆಪ್ಪು ಕೊಡೋದಿಲ್ಲ. ನಿಮ್ಮದೇ ಹೆಪ್ಪು ಹುಟ್ಟಿಸಿ, ಆಮೇಲೆ ಹುಳಿ, ದಪ್ಪ, ರುಚಿ ಎಲ್ಲ ಅವರದಕ್ಕೆ ಹೊಂದುತ್ತದೆ ಅಂತ ಪರೀಕ್ಷೆಗಳಲ್ಲಿ ತೋರಿಸಬೇಕು. ಭಾರತ ಇದಕ್ಕೆ ಮಾರ್ಗಸೂಚಿ ಮಾಡಿದ್ದು 2012ರಲ್ಲಿ.

ಜಾನ್ಸನ್ ಅಂಡ್ ಜಾನ್ಸನ್‌ನ ಸೋರಿಯಾಸಿಸ್ ಔಷಧ ಸ್ಟೆಲಾರಾಗೆ ಅಮೆರಿಕ 2009ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದರ ಬಯೋಸಿಮಿಲರ್, ಬಯೋಕಾನ್ ಬಯೋಲಾಜಿಕ್ಸ್‌ನ ಯೆಸಿಂಟೆಕ್, 2025ರ ಫೆಬ್ರುವರಿಯಲ್ಲಿ ಅಲ್ಲಿನ ಮಾರುಕಟ್ಟೆಗೆ ಹೋಯಿತು.

ಈಗ ರೊಕ್ಕದ ಮಾತು. ಸೋರಿಯಾಸಿಸ್‌ಗೂ ಸಂಧಿವಾತಕ್ಕೂ ಕೊಡೋ ಅಡಾಲಿಮುಮ್ಯಾಬ್‌ನ ಬಯೋಸಿಮಿಲರನ್ನ ಅಹಮದಾಬಾದಿನ ಝೈಡಸ್ ಕ್ಯಾಡಿಲಾ 2014ರ ಡಿಸೆಂಬರ್‌ನಲ್ಲಿ ತಂದಾಗ, ಅಮೆರಿಕದ ದರದ ಐದನೇ ಒಂದು ಭಾಗ ಅಂತ ಸುದ್ದಿಯಾಯ್ತು. ಖರೆ. ಆದರೆ ಒಂದು ಡೋಸ್‌ಗೆ ಸುಮಾರು 200 ಡಾಲರ್, ಆಗಿನ ಲೆಕ್ಕಕ್ಕೆ 12,000 ರೂಪಾಯಿ ದಾಟಿತ್ತು. ಸಾಮಾನ್ಯವಾಗಿ ಎರಡು ವಾರಕ್ಕೊಂದು ಚುಚ್ಚಬೇಕು. ತಿಂಗಳಿಗೆಷ್ಟು, ನೀವೇ ಲೆಕ್ಕ ಹಾಕ್ರಿ. ಅಗ್ಗ ಅಂದದ್ದು ಅಮೆರಿಕದ ದರಕ್ಕೆ ಹೋಲಿಸಿ, ಬನಹಟ್ಟಿ ನೇಕಾರನ ಗಳಿಕೆಗೆ ಹೋಲಿಸಿ ಅಲ್ಲ.

ಸಾಲದ್ದಕ್ಕೆ, ಇಂಥ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬೆಂಗಳೂರಿನಿಂದ ಬೀಳಗಿಗೆ ಬಸ್ಸಿನಾಗ ತರೋದಾದ್ರೆ ಐಸ್ ಪೆಟ್ಟಿಗೆ ಬೇಕು, ಮನೆಗೆ ಬಂದ ಮೇಲೆ ಬೇಸಿಗೆಯಾಗ ಕರೆಂಟ್ ಹೋಗದಂಗ ಇರಬೇಕು.